ಡಾಕ್ಟರ್ ಆದ ಮೇಲೂ ನೆರವು ಬೇಕೆ? ಕ್ರೀಡಾ ವೈದ್ಯಕೀಯದ ಫೆಲೋಶಿಪ್ ತರಬೇತಿ ಕುರಿತು



ಈ ಸಲ ಅರ್ಜಿಗಳನ್ನು ಪರಿಶೀಲಿಸಲು ಸಮಿತಿ ಕುಳಿತಾಗ, ಪಿಯುಸಿ, ಡಿಪ್ಲೊಮಾ, ನರ್ಸಿಂಗ್ ಅರ್ಜಿಗಳ ನಡುವೆ ಒಂದು ಬೇರೆ ತರಹದ ಅರ್ಜಿ ಇತ್ತು. ಅದನ್ನು ಹಾಕಿದವರು ಆಗಲೇ ಡಾಕ್ಟರ್. ಎಂಬಿಬಿಎಸ್ ಮುಗಿಸಿ, ಮೂಳೆ ವಿಭಾಗದಲ್ಲಿ ಎಂಎಸ್ ಕೂಡ ಮಾಡಿದ್ದಾರೆ. ಈಗ ಕ್ರೀಡಾ ವೈದ್ಯಕೀಯದಲ್ಲಿ ಫೆಲೋಶಿಪ್ ತರಬೇತಿಗೆ ಹೋಗಬೇಕು, ನೆರವು ಬೇಕು ಎಂದು ಕೇಳಿದ್ದರು. ಸದಸ್ಯರೊಬ್ಬರು ಅರ್ಜಿಯನ್ನು ಮೇಜಿನ ಮೇಲಿಟ್ಟು, "ಮಾಸ್ತರೇ, ಡಾಕ್ಟರ್ ಆದವರಿಗೂ ಸ್ಕಾಲರ್‌ಶಿಪ್ಪೇ? ಅದೂ ಆಟಗಾರರಿಗೆ ಔಷಧ ಕೊಡುವುದಕ್ಕೆ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಒಂದು ರೂಪಾಯಿ ಕೊಟ್ಟವರಿಗೂ ಅದನ್ನು ಕೇಳುವ ಹಕ್ಕಿದೆ. ವಿಷಯ ತಿಳಿದುಕೊಂಡು ವಾರ್ಷಿಕ ವರದಿಗೆ ಬರೆದುಕೊಡಿ ಎಂದು ಸಮಿತಿಯವರು ಹೇಳಿದ್ದರಿಂದ ಈ ಲೇಖನ.

ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವನು. ಚನ್ನರಾಯಪಟ್ಟಣ ಹೋಬಳಿಯ ಮಕ್ಕಳಿಗೆ ಕಬಡ್ಡಿ, ಖೋಖೋ, ವಾಲಿಬಾಲ್ ಎಂದರೆ ಜೀವ. ತಾಲ್ಲೂಕು ಕ್ರೀಡಾಕೂಟ ಬಂತೆಂದರೆ ದೈಹಿಕ ಶಿಕ್ಷಕರ ಜೊತೆ ನಾವೂ ಮಕ್ಕಳನ್ನು ದೇವನಹಳ್ಳಿಗೆ ಕರೆದುಕೊಂಡು ಹೋಗುತ್ತಿದ್ದೆವು. ಒಂದು ವರ್ಷ ನಮ್ಮ ಶಾಲೆಯ ಒಳ್ಳೆಯ ರೈಡರ್ ಒಬ್ಬ ತಿರುಗುವಾಗ ಮೊಣಕಾಲು "ಟಕ್" ಎಂದಿತು, ಬಿದ್ದ. ಸ್ವಲ್ಪ ಹೊತ್ತಿನಲ್ಲೇ ಊತ ಬಂತು. ನಾನು ಎಣ್ಣೆ ತಿಕ್ಕಿಸಿ, ಬಟ್ಟೆ ಕಟ್ಟಿಸಿ, "ಗಂಡು ಮಗ, ಇಷ್ಟಕ್ಕೆಲ್ಲ ಅಳಬಾರದು" ಎಂದೆ. ಮುಂದಿನ ಸುತ್ತಿಗೆ ಅವನನ್ನೇ ಇಳಿಸಿದೆವು. ಮತ್ತೆ ಅದೇ ಕಾಲು, ಅದೇ ಸದ್ದು.

ಆ ಹುಡುಗನಿಗೆ ಈಗ ನಲವತ್ತು ದಾಟಿದೆ. ಗೂಡ್ಸ್ ಆಟೊ ಓಡಿಸುತ್ತಾನೆ. ಶುಕ್ರವಾರ ಮಸೀದಿಯಲ್ಲಿ ಹಿರಿಯರ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ನಮಾಜ್ ಮಾಡುತ್ತಾನೆ. ಮೊಣಕಾಲು ಮಡಚಲು ಆಗುವುದಿಲ್ಲ. ನನಗೆ ಸಲಾಂ ಹೇಳುವಾಗ ಅವನ ಮುಖದಲ್ಲಿ ಬೇಸರವಿಲ್ಲ, ನನ್ನ ಮನಸ್ಸಿನಲ್ಲಿದೆ. ಅವನ ಮೊಣಕಾಲಿನಲ್ಲಿ ಹರಿದದ್ದು ಬಹುಶಃ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಎಂಬ ಹುರಿ. "ಟಕ್" ಎಂಬ ಸದ್ದು, ಒಂದೆರಡು ಗಂಟೆಯೊಳಗೆ ಬರುವ ಊತ ಅದರ ಲಕ್ಷಣ ಎಂದು ನನಗೆ ಗೊತ್ತಾದದ್ದು ನಿವೃತ್ತಿಯ ನಂತರ. ಆ ದಿನ ಮೈದಾನದ ಅಂಚಿನಲ್ಲಿ "ಇವನನ್ನು ಇಳಿಸಬೇಡಿ" ಎನ್ನುವ ಒಬ್ಬರು ಇದ್ದಿದ್ದರೆ ಅಷ್ಟೇ ಸಾಕಾಗಿತ್ತು. ಕ್ರೀಡಾ ವೈದ್ಯರ ಮೊದಲ ಕೆಲಸ ಆ ಒಂದು ಮಾತು ಹೇಳುವುದು.

ಕ್ರೀಡಾ ವೈದ್ಯರು ಏನು ಮಾಡುತ್ತಾರೆ

ಹೆಸರು ಕೇಳಿದರೆ ಇದು ಕ್ರಿಕೆಟ್ ತಾರೆಯರ ವೈದ್ಯಕೀಯ ಎನಿಸುತ್ತದೆ. ತಾರೆಯರ ಉದಾಹರಣೆಯಿಂದಲೇ ಶುರು ಮಾಡೋಣ, ಏಕೆಂದರೆ ಅದು ನಮ್ಮ ಪಕ್ಕದಲ್ಲೇ ಇದೆ. ರಿಷಭ್ ಪಂತ್ 2022ರ ಡಿಸೆಂಬರ್ 30ರಂದು ಕಾರು ಅಪಘಾತಕ್ಕೆ ಸಿಕ್ಕಿದರು. ಮುಂಬೈಯಲ್ಲಿ ಮೊಣಕಾಲಿನ ಲಿಗಮೆಂಟ್ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ತಿಂಗಳುಗಟ್ಟಲೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ ನಡೆಯಿತು. 2024ರ ಮಾರ್ಚ್‌ನಲ್ಲಿ ಮತ್ತೆ ಮೈದಾನಕ್ಕಿಳಿದರು. ಮೊಹಮ್ಮದ್ ಶಮಿ ಅವರ ಹಿಮ್ಮಡಿಗೆ 2024ರ ಫೆಬ್ರವರಿಯಲ್ಲಿ ಲಂಡನ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಅವರೂ ಬೆಂಗಳೂರಿನಲ್ಲೇ ಚೇತರಿಸಿಕೊಂಡು ಆ ವರ್ಷದ ನವೆಂಬರ್‌ನಲ್ಲಿ ರಣಜಿ ಪಂದ್ಯದಲ್ಲಿ ಬೌಲಿಂಗ್ ಮಾಡಿದರು. ಆ ಅಕಾಡೆಮಿ ಈಗ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಹೆಸರಿನಲ್ಲಿ ವಿಮಾನ ನಿಲ್ದಾಣದ ಸಮೀಪ, ಸುಮಾರು 40 ಎಕರೆಯಲ್ಲಿ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ನಮ್ಮ ಹೋಬಳಿಯಿಂದ ದೂರವೇನಿಲ್ಲ.

ಈ ಎರಡೂ ಪ್ರಸಂಗಗಳಲ್ಲಿ ಒಂದು ವಿಷಯ ಗಮನಿಸಿ. ಶಸ್ತ್ರಚಿಕಿತ್ಸೆ ಮುಗಿದದ್ದು ಒಂದು ದಿನದಲ್ಲಿ. ಮಿಕ್ಕ ತಿಂಗಳುಗಳೆಲ್ಲ ಕಳೆದದ್ದು "ಈಗ ಎಷ್ಟು ಭಾರ ಹಾಕಬಹುದು, ಯಾವಾಗ ಓಡಬಹುದು, ಯಾವಾಗ ಆಡಬಹುದು" ಎಂಬ ಲೆಕ್ಕದಲ್ಲಿ. ಮೊಣಕಾಲಿನ ಲಿಗಮೆಂಟ್ ಜೋಡಿಸಿದ ಮೇಲೆ ಒಂಬತ್ತು ತಿಂಗಳಿಗೆ ಮೊದಲು ಆಟಕ್ಕೆ ಇಳಿದರೆ ಮತ್ತೆ ಗಾಯವಾಗುವ ಅಪಾಯ ಹೆಚ್ಚು. ಆ ತಿಂಗಳುಗಳನ್ನು ನಡೆಸುವ ವಿದ್ಯೆಯೇ ಕ್ರೀಡಾ ವೈದ್ಯಕೀಯದ ತಿರುಳು. ಫಿಸಿಯೋಥೆರಪಿಸ್ಟ್, ತರಬೇತುದಾರ, ಆಹಾರ ತಜ್ಞ, ಸರ್ಜನ್ ಇವರೆಲ್ಲರ ನಡುವೆ ನಿಂತು ಒಂದು ತೀರ್ಮಾನ ಹೇಳುವವರು ಆ ವೈದ್ಯರು.

ಅದರ ಜೊತೆ ಇನ್ನೂ ಕೆಲವು ಜವಾಬ್ದಾರಿಗಳಿವೆ:

ತಲೆಗೆ ಪೆಟ್ಟು: ಆಟಗಾರ ಎದ್ದು ನಿಂತು ಮಾತನಾಡಿದರೂ ಮಿದುಳಿಗೆ ಅಲುಗಾಟ ಆಗಿರಬಹುದು. ಅನುಮಾನವಿದ್ದರೆ ಆ ದಿನ ಆಡಿಸಬಾರದು ಎಂಬುದು ಈಗ ಜಗತ್ತಿನಾದ್ಯಂತ ಒಪ್ಪಿದ ನಿಯಮ.

ಹೃದಯ: 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಫುಟ್‌ಬಾಲ್ ಆಡುತ್ತಲೇ ಕುಸಿದರು, ಹೃದಯ ನಿಂತಿತು. ಮೈದಾನದಲ್ಲೇ ಎದೆ ಒತ್ತಿ, ಡಿಫಿಬ್ರಿಲೇಟರ್ ಯಂತ್ರದಿಂದ ವಿದ್ಯುತ್ ಆಘಾತ ಕೊಟ್ಟು ಉಳಿಸಿದರು. ಮುಂದೆ ಅವರು ಮತ್ತೆ ಆಡಿದರು. ಆ ಯಂತ್ರ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ.

ಬಿಸಿಲು: ಬಿಸಿಲಿನ ಆಘಾತವಾದವರನ್ನು ಮೊದಲು ಅಲ್ಲೇ ನೀರಿನಲ್ಲಿ ತಂಪು ಮಾಡಬೇಕು, ಆಮೇಲೆ ಆಸ್ಪತ್ರೆಗೆ ಸಾಗಿಸಬೇಕು. ನಾವು ಮಾಡುವುದು ಇದಕ್ಕೆ ಉಲ್ಟಾ.

ನಿಷೇಧಿತ ಔಷಧ: ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜೆ 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು. 2011ರಲ್ಲಿ ಅವರ ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಕಂಡುಬಂದು ನಿಷೇಧಕ್ಕೆ ಒಳಗಾದರು. ತರಬೇತುದಾರರು ಕೊಟ್ಟ ಜಿನ್‌ಸೆಂಗ್ ಪೂರಕದಿಂದ ಅದು ದೇಹ ಸೇರಿತು ಎಂದು ಅವರು ಮತ್ತು ಅವರ ಜೊತೆಗಾರ್ತಿಯರು ಹೇಳಿದ್ದರು. ಬಾಯಿಗೆ ಏನು ಹಾಕಿಕೊಳ್ಳುತ್ತೇವೆ ಎಂಬುದಕ್ಕೆ ಆಟಗಾರರೇ ಹೊಣೆ ಎಂಬುದು ನಿಯಮ. ಹಳ್ಳಿಯಿಂದ ಹೋದ ಹುಡುಗಿಗೆ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ ಹೇಳುವವರು ಬೇಡವೇ? ಆ ಕೆಲಸವೂ ಈ ವೈದ್ಯರದ್ದೇ.

ಹೆಣ್ಣುಮಕ್ಕಳು: ಹೆಚ್ಚು ಓಡಿ ಕಡಿಮೆ ಉಂಡರೆ ಮುಟ್ಟು ನಿಲ್ಲುತ್ತದೆ, ಮೂಳೆ ಸಡಿಲವಾಗುತ್ತದೆ, ಸಣ್ಣ ಬಿರುಕು ಬಿಡುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ 2014ರಲ್ಲಿ ಇದರ ಬಗ್ಗೆ ಎಚ್ಚರಿಕೆಯ ದಾಖಲೆ ಹೊರಡಿಸಿತು. ಮಗಳು ಇಂತಹ ಮಾತನ್ನು ಗಂಡಸು ತರಬೇತುದಾರರ ಹತ್ತಿರ ಹೇಳಿಕೊಳ್ಳುವುದಿಲ್ಲ. ಮಹಿಳಾ ವೈದ್ಯರು ಈ ವಿಭಾಗಕ್ಕೆ ಬರಬೇಕಾದ ಕಾರಣ ಇದೇ.

ಉಪವಾಸ: 2012ರ ಲಂಡನ್ ಒಲಿಂಪಿಕ್ಸ್ ರಂಜಾನ್ ತಿಂಗಳಲ್ಲೇ ನಡೆಯಿತು. ಯಾವ ಹೊತ್ತಿನಲ್ಲಿ ಅಭ್ಯಾಸ, ಇಫ್ತಾರ್‌ನಿಂದ ಸೆಹ್ರಿವರೆಗೆ ನೀರು ಹೇಗೆ ಹಂಚಿ ಕುಡಿಯಬೇಕು, ನಿದ್ದೆ ಹೇಗೆ ಎಂಬ ಸಲಹೆ ಕೊಡುವ ವೈದ್ಯರು ಆಗ ಬೇಕಾದರು. ನಮ್ಮ ಮಕ್ಕಳಿಗೆ ಪ್ರತಿ ವರ್ಷವೂ ಬೇಕು.

ಆಟ ಆಡದವರಿಗೆ ಏನು ಲಾಭ?

ಸಮಿತಿಯಲ್ಲಿ ಎದ್ದ ಮುಖ್ಯ ಪ್ರಶ್ನೆ ಇದು. ಲಿಗಮೆಂಟ್ ಹರಿಯುವುದು ಆಟಗಾರರಿಗೆ ಮಾತ್ರವಲ್ಲ. ಬೈಕಿನಿಂದ ಬಿದ್ದವರಿಗೆ, ದ್ರಾಕ್ಷಿ ತೋಟದಲ್ಲಿ ಕಾಲು ಜಾರಿದವರಿಗೆ, ಮೂಟೆ ಹೊರುವವರಿಗೆ ಅದೇ ಗಾಯ, ಅದೇ ಭುಜದ ನೋವು. ವಿಜಯಪುರದ ಕಡೆ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರ ಸೊಂಟ, ಮಂಡಿ ನೋವನ್ನು ನೀವೆಲ್ಲ ಬಲ್ಲಿರಿ. ಅಂಥವರಿಗೆ ನಾವು ಸಾಮಾನ್ಯವಾಗಿ ಎರಡೇ ದಾರಿ ತೋರಿಸುತ್ತೇವೆ: ನೋವಿನ ಮಾತ್ರೆ, ಇಲ್ಲವೇ ಆಪರೇಷನ್. ಇವೆರಡರ ನಡುವೆ ಸರಿಯಾದ ಪರೀಕ್ಷೆ, ಕ್ರಮಬದ್ಧ ವ್ಯಾಯಾಮ, ನಿಧಾನವಾಗಿ ಕೆಲಸಕ್ಕೆ ಮರಳುವ ಮೂರನೆಯ ದಾರಿ ಇದೆ. ಕ್ರೀಡಾ ವೈದ್ಯರು ಕಲಿಯುವುದು ಆ ದಾರಿಯನ್ನೇ. ಆಟಗಾರನನ್ನು ಮೈದಾನಕ್ಕೆ ಮರಳಿಸುವ ವಿದ್ಯೆ ಕೂಲಿಯವನನ್ನು ಕೂಲಿಗೆ ಮರಳಿಸುತ್ತದೆ.

ಇನ್ನೊಂದು ಮಾತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯ ಸ್ತಂಭನದಿಂದ ತೀರಿಕೊಂಡಾಗ ಊರೂರಲ್ಲಿ ಜನ ವ್ಯಾಯಾಮಕ್ಕೇ ಹೆದರಿದರು. ನನ್ನ ನೆಂಟರಲ್ಲೇ ಇಬ್ಬರು ನಡಿಗೆ ನಿಲ್ಲಿಸಿದರು, ಅವರಿಗೆ ಸಕ್ಕರೆ ಕಾಯಿಲೆ ಇದ್ದರೂ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ ವಯಸ್ಕರಿಗೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆದರೆ ಬಿಪಿ, ಸಕ್ಕರೆ, ಮಂಡಿ ನೋವು ಮೂರೂ ಇರುವ ಐವತ್ತೈದರ ಮಹಿಳೆಗೆ ಆ 150 ನಿಮಿಷ ಹೇಗೆ? ಯಾರಿಗೆ ಮೊದಲು ಹೃದಯ ಪರೀಕ್ಷೆ ಬೇಕು, ಯಾರಿಗೆ ಬೇಡ? ವ್ಯಾಯಾಮವನ್ನು ಔಷಧದಂತೆ ಅಳತೆ ಮಾಡಿ ಬರೆದುಕೊಡುವುದೂ ಈ ತರಬೇತಿಯ ಭಾಗ.

ಹಾದಿ ಎಷ್ಟು ಉದ್ದ?

ಪೋಷಕರು ಈ ಲೆಕ್ಕವನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಲಿ.

ಪಿಯುಸಿ ಮುಗಿಸಿ ನೀಟ್ ಬರೆದು ಎಂಬಿಬಿಎಸ್ ಸೇರಿದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ನೀಟ್ ಪಿಜಿ. ಅದಕ್ಕೆ ಬಹಳಷ್ಟು ಮಕ್ಕಳು ಒಂದು ವರ್ಷ ಓದಿಗೇ ಇಡುತ್ತಾರೆ. ಎಂಡಿ ಅಥವಾ ಎಂಎಸ್ ಮೂರು ವರ್ಷ. ಅದಾದ ನಂತರ ಫೆಲೋಶಿಪ್ ಒಂದೆರಡು ವರ್ಷ. ಹದಿನೆಂಟಕ್ಕೆ ಹೊರಟ ಮಗು ಮುಗಿಸುವ ಹೊತ್ತಿಗೆ ಮೂವತ್ತರ ಹತ್ತಿರ.

ಭಾರತದಲ್ಲಿ ಈ ವಿಭಾಗಕ್ಕೆ ಮುಖ್ಯವಾಗಿ ಮೂರು ಬಾಗಿಲುಗಳಿವೆ. ಒಂದು, ಕ್ರೀಡಾ ವೈದ್ಯಕೀಯದಲ್ಲೇ ಮೂರು ವರ್ಷದ ಎಂಡಿ. ಇದು ನೇರ ದಾರಿ, ಆದರೆ ಸೀಟುಗಳು ಬಹಳ ಕಡಿಮೆ. ಎರಡು, ಎಂಬಿಬಿಎಸ್ ನಂತರದ ಡಿಪ್ಲೊಮಾ. 1961ರಲ್ಲಿ ಪಟಿಯಾಲದ ಹಳೆಯ ಮೋತಿ ಬಾಗ್ ಅರಮನೆಯಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದಕ್ಕೆ ಹೆಸರುವಾಸಿ. ಮೂರು, ಫೆಲೋಶಿಪ್. ರಾಷ್ಟ್ರೀಯ ಪರೀಕ್ಷಾ ಮಂಡಳಿ ನಡೆಸುವ ಎರಡು ವರ್ಷದ ಎಫ್‌ಎನ್‌ಬಿಗೆ ಫೆಲೋಶಿಪ್ ಪ್ರವೇಶ ಪರೀಕ್ಷೆ ಬರೆಯಬೇಕು. ಮೂಳೆ ವಿಭಾಗದಲ್ಲಿ ಎಂಎಸ್ ಅಥವಾ ಡಿಎನ್‌ಬಿ ಮುಗಿಸಿದವರು ಹೆಚ್ಚಾಗಿ ಈ ಬಾಗಿಲಿನಿಂದ ಬರುತ್ತಾರೆ. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಸಂಯೋಜಿತ ಆಸ್ಪತ್ರೆಗಳಲ್ಲಿ ಫೆಲೋಶಿಪ್‌ಗಳನ್ನು ನಡೆಸುತ್ತದೆ. ಅರ್ಹತೆಯ ನಿಯಮ ಬದಲಾಗುತ್ತಿರುತ್ತದೆ, ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನೇ ನಂಬಬೇಕು.

ಹೊರದೇಶದ ಕ್ರಮ ಬೇರೆ. ಅಮೆರಿಕದಲ್ಲಿ ಕುಟುಂಬ ವೈದ್ಯರು, ಮಕ್ಕಳ ವೈದ್ಯರು, ತುರ್ತು ಚಿಕಿತ್ಸೆಯವರು ತಮ್ಮ ತರಬೇತಿ ಮುಗಿಸಿ ಒಂದು ವರ್ಷದ ಫೆಲೋಶಿಪ್ ಮಾಡಿ ಕ್ರೀಡಾ ವೈದ್ಯರಾಗುತ್ತಾರೆ, ಚಾಕು ಹಿಡಿಯುವುದೇ ಇಲ್ಲ. ಬ್ರಿಟನ್ 2005ರಲ್ಲಿ ಇದನ್ನು ಪ್ರತ್ಯೇಕ ವೈದ್ಯಕೀಯ ವಿಭಾಗವೆಂದು ಒಪ್ಪಿಕೊಂಡಿತು. ನಮ್ಮಲ್ಲಿ ಬಹಳಷ್ಟು ಫೆಲೋಶಿಪ್‌ಗಳ ಹೆಸರಿನಲ್ಲಿ "ಆರ್ಥ್ರೊಸ್ಕೋಪಿ ಮತ್ತು ಕ್ರೀಡಾ ವೈದ್ಯಕೀಯ" ಎಂದು ಜೋಡಿಯಾಗಿ ಇರುತ್ತದೆ. ಆರ್ಥ್ರೊಸ್ಕೋಪಿ ಎಂದರೆ ಸಣ್ಣ ತೂತಿನಿಂದ ಕ್ಯಾಮರಾ ಇಳಿಸಿ ಕೀಲಿಗೆ ಮಾಡುವ ಶಸ್ತ್ರಚಿಕಿತ್ಸೆ. ಅದು ಒಳ್ಳೆಯ ವಿದ್ಯೆಯೇ, ಆದರೆ ಮೈದಾನದ ವೈದ್ಯಕೀಯ ಬೇರೆ. ಸೇರುವ ಮುಂಚೆ ಯಾವುದು ಎಷ್ಟು ಕಲಿಸುತ್ತಾರೆ ಎಂದು ಕೇಳಿಕೊಳ್ಳಬೇಕು.

ಹಾಗಾದರೆ ಡಾಕ್ಟರ್‌ಗೆ ಕಷ್ಟವೇನು?

ಎಫ್‌ಎನ್‌ಬಿಯಲ್ಲಿ ಸ್ಟೈಪೆಂಡ್ ಇದೆ, ನಿಜ. ಆದರೆ ಬಡ ಮನೆಯ ಮಗು ಈ ಹಂತಕ್ಕೆ ಬರುವಾಗ ಹಲವು ವರ್ಷಗಳ ಸಾಲ ಬೆನ್ನ ಮೇಲಿರುತ್ತದೆ. ಎಂಬಿಬಿಎಸ್ ಸೇರುವಾಗ ಸರ್ಕಾರದ ಅರಿವು ಸಾಲ, ಬ್ಯಾಂಕ್ ಸಾಲ, ನೆಂಟರ ಕೈಗಡ ಎಲ್ಲವೂ ಸೇರಿರುತ್ತದೆ. ತಂಗಿಯ ಮದುವೆ, ತಮ್ಮನ ಓದು ಕಾದಿರುತ್ತದೆ. ಖಾಸಗಿ ಆಸ್ಪತ್ರೆಯವರು ಒಳ್ಳೆಯ ಸಂಬಳಕ್ಕೆ ಇಂದೇ ಬಾ ಎನ್ನುತ್ತಾರೆ. ಹಣವಿರುವ ಮನೆಯವರು ಇನ್ನೆರಡು ವರ್ಷ ಕಾಯಬಲ್ಲರು, ಇಲ್ಲದವರು ಕಾಯಲಾರರು. ಹೀಗೆ ನಮ್ಮ ಮಕ್ಕಳು ಡಾಕ್ಟರ್ ಆಗುತ್ತಾರೆ, ತಜ್ಞರಾಗುವ ಕೊನೆಯ ಮೆಟ್ಟಿಲಿನಲ್ಲಿ ಇಳಿದುಬಿಡುತ್ತಾರೆ. ಇದು ಯಾರ ಕಣ್ಣಿಗೂ ಕಾಣುವುದಿಲ್ಲ, ಏಕೆಂದರೆ ಊರಿನ ಲೆಕ್ಕದಲ್ಲಿ ಅವರು ಗೆದ್ದವರೇ.

ಆದ್ದರಿಂದ ಸಮಿತಿಗೆ ನಾನು ಕೊಟ್ಟ ಸಲಹೆ ಇದು. ಪಿಯುಸಿ, ಪದವಿ ಮಕ್ಕಳ ವಿದ್ಯಾರ್ಥಿವೇತನದಿಂದ ಒಂದು ರೂಪಾಯಿಯನ್ನೂ ಇದಕ್ಕೆ ತೆಗೆಯಬಾರದು. ಈ ಹಂತದವರಿಗೆ ದಾನ ಬೇಡ, ಬಡ್ಡಿಯಿಲ್ಲದ ಖರ್ಜೆ ಹಸನ ಸಾಕು. ಕೆಲಸ ಸಿಕ್ಕ ಮೇಲೆ ಕಂತಿನಲ್ಲಿ ಮರಳಿಸಲಿ, ಆ ಹಣ ಮುಂದಿನ ಮಗುವಿಗೆ ಹೋಗಲಿ. ಜೊತೆಗೆ ಒಂದು ಮಾತು ಕೊಡಲಿ: ವರ್ಷದಲ್ಲಿ ಕೆಲವು ಭಾನುವಾರ ನಮ್ಮ ಹೋಬಳಿಗೆ ಬಂದು ಶಾಲಾ ಮಕ್ಕಳನ್ನೂ ಮಂಡಿ ನೋವಿನ ಹಿರಿಯರನ್ನೂ ನೋಡಬೇಕು, ದೈಹಿಕ ಶಿಕ್ಷಕರಿಗೆ ಪ್ರಥಮ ಚಿಕಿತ್ಸೆ ಕಲಿಸಬೇಕು. ದಾನಿಗಳು ಇದರ ಬಗ್ಗೆ ತಮ್ಮ ಅಭಿಪ್ರಾಯವನ್ನು ಸಾಮಾನ್ಯ ಸಭೆಯಲ್ಲಿ ದಯವಿಟ್ಟು ತಿಳಿಸಿರಿ. ಒಪ್ಪದಿದ್ದರೂ ಹೇಳಿರಿ.

ಸೇರುವ ಮುನ್ನ ಕೇಳಬೇಕಾದ ಐದು ಪ್ರಶ್ನೆ

"ಫೆಲೋಶಿಪ್" ಎಂಬ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ವಾರಾಂತ್ಯದ ಆನ್‌ಲೈನ್ ತರಗತಿಗೂ ಅದೇ ಹೆಸರು, ಎರಡು ವರ್ಷದ ತರಬೇತಿಗೂ ಅದೇ ಹೆಸರು. ಆದ್ದರಿಂದ:

1. ಪ್ರಮಾಣಪತ್ರ ಕೊಡುವವರು ಯಾರು? ರಾಷ್ಟ್ರೀಯ ಪರೀಕ್ಷಾ ಮಂಡಳಿಯೇ, ವಿಶ್ವವಿದ್ಯಾಲಯವೇ, ಅಥವಾ ಆ ಆಸ್ಪತ್ರೆ ಮಾತ್ರವೇ?

2. ಅದನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಚ್ಚುವರಿ ಅರ್ಹತೆಯಾಗಿ ನೋಂದಾಯಿಸಲು ಆಗುತ್ತದೆಯೇ? ಬಾಯಿ ಮಾತು ಬೇಡ, ಬರಹದಲ್ಲಿ ಕೇಳಿ.

3. ಸ್ಟೈಪೆಂಡ್ ಕೊಡುತ್ತಾರೆಯೇ, ಶುಲ್ಕ ಕೇಳುತ್ತಾರೆಯೇ? ಎರಡರ ಮೊತ್ತವೂ ಪತ್ರದಲ್ಲಿ ಇರಲಿ.

4. ಆಪರೇಷನ್ ಕೋಣೆಯಲ್ಲಿ ಎಷ್ಟು ದಿನ, ಹೊರರೋಗಿ ವಿಭಾಗದಲ್ಲಿ ಎಷ್ಟು ದಿನ, ಮೈದಾನದಲ್ಲಿ ತಂಡದ ಜೊತೆ ಎಷ್ಟು ದಿನ?

5. ಹಿಂದೆ ಅಲ್ಲಿ ಕಲಿತವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಅವರಲ್ಲಿ ಒಬ್ಬರ ಜೊತೆಯಾದರೂ ಮಾತನಾಡಿ.

ಈ ಹಂತಕ್ಕೆ ಅರ್ಜಿ ಹಾಕುವವರು ಈ ಐದು ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಅರ್ಜಿಗೆ ಲಗತ್ತಿಸಿದರೆ ಸಮಿತಿಯ ಕೆಲಸ ಹಗುರವಾಗುತ್ತದೆ.

ಎಂಬಿಬಿಎಸ್ ಸೀಟು ಸಿಗದ ಮಕ್ಕಳ ಪೋಷಕರು ನಿರಾಶರಾಗಬೇಕಿಲ್ಲ. ಫಿಸಿಯೋಥೆರಪಿಯಲ್ಲಿ ಬಿಪಿಟಿ ಮಾಡಿ, ಆಮೇಲೆ ಎರಡು ವರ್ಷ ಕ್ರೀಡಾ ಫಿಸಿಯೋಥೆರಪಿಯಲ್ಲಿ ಎಂಪಿಟಿ ಮಾಡಬಹುದು. ಶಮಿ, ಪಂತ್ ಅವರಂಥ ಆಟಗಾರರ ಪಕ್ಕದಲ್ಲಿ ಅಷ್ಟೂ ತಿಂಗಳು ದಿನನಿತ್ಯ ನಿಲ್ಲುವವರು ಫಿಸಿಯೋಗಳೇ.

ಶಿಕ್ಷಕರಿಗೆ, ಪೋಷಕರಿಗೆ ಒಂದು ಕೋರಿಕೆ

ವೈದ್ಯರು ಬರುವವರೆಗೆ ನಾವೇ ಮಾಡಬಹುದಾದ ಕೆಲಸ ಇದೆ. ಫಿಫಾ ಸಂಸ್ಥೆಯ ನೆರವಿನಿಂದ ತಯಾರಾದ "ಹನ್ನೊಂದು ಪ್ಲಸ್" ಎಂಬ ಇಪ್ಪತ್ತು ನಿಮಿಷದ ಪೂರ್ವ ವ್ಯಾಯಾಮ ಇದೆ. ಸಲಕರಣೆ ಎಂದರೆ ಒಂದು ಚೆಂಡು ಮಾತ್ರ. ನಾರ್ವೆಯ ಹುಡುಗಿಯರ ಫುಟ್‌ಬಾಲ್ ತಂಡಗಳಲ್ಲಿ ಇದನ್ನು ಪರೀಕ್ಷಿಸಿದಾಗ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು ಎಂದು 2008ರಲ್ಲಿ ಪ್ರಕಟವಾಯಿತು. ಓಟ, ಒಂಟಿಕಾಲಿನ ಸಮತೋಲ, ಹಾರಿ ಮಂಡಿ ಮಡಚಿ ನೆಲಕ್ಕಿಳಿಯುವ ಕ್ರಮ, ಇಂಥವು ಅದರಲ್ಲಿವೆ. ಕಬಡ್ಡಿಗೂ ಇದನ್ನು ಹೊಂದಿಸಿಕೊಳ್ಳಬಹುದು. ಮಗುವಿನ ಮೊಣಕಾಲು ಸದ್ದು ಮಾಡಿ ಊದಿಕೊಂಡರೆ ಎಣ್ಣೆ ತಿಕ್ಕಬೇಡಿ, ಎಳೆಯಬೇಡಿ. ಬಟ್ಟೆಯಲ್ಲಿ ಐಸ್ ಸುತ್ತಿ ಇಡಿ, ಕಾಲು ಎತ್ತರದಲ್ಲಿಡಿ, ಮೂಳೆ ವೈದ್ಯರಿಗೆ ತೋರಿಸಿ. ಎಷ್ಟೇ ಮುಖ್ಯವಾದ ಪಂದ್ಯವಾದರೂ ಆ ದಿನ ಇಳಿಸಬೇಡಿ.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಗೆ ಈ ಅರ್ಜಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ನನ್ನ ಮಗ ಈಗ ಎಂಟನೇ ಕ್ಲಾಸು. ಅವನೂ ರೈಡರ್. ಆ ಡಾಕ್ಟರ್ ಬೇಗ ಓದಿ ಬರಲಿ" ಎಂದ. ಸಮಿತಿಯ ಸದಸ್ಯರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಹೊಳೆಯಲಿಲ್ಲ.